ಹತ್ತು ಎಣಿಸುವಷ್ಟು ಹೊತ್ತು

ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಒಗೆಯುವ ಬಟ್ಟೆಗಳ ನಡುವೆ ಸುಚೇತಾಳಿಗೆ ಆ ಕಂದು ಶಾಲು ಸಿಕ್ಕಿತು. ಚಳಿಯೆಂದು ಗಂಡ ಮಂಡಕ್ಕಿ ಹುರಿಯುವ ಭಟ್ಟಿಯ ದ್ಯಾಮಜ್ಜಿಯಿಂದ ಕೇಳಿ ತಂದದ್ದು.

ಭಟ್ಟಿಯಲ್ಲಿ ದುಡಿಯುವ ಹೆಂಗಸರ ಬದುಕಿನ ಬಗ್ಗೆ ಸುಚೇತಾ ಆರು ತಿಂಗಳು ಸಂದರ್ಶನ ಮಾಡಿದ್ದಳು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿದರೆ ಜನ ತಾವಾಗಿಯೇ ಒಳಗಿನದನ್ನು ಹೇಳುತ್ತಾರೆ ಎಂದು ವಿದ್ಯಾರ್ಥಿಗಳಿಗೂ ಕಲಿಸಿದ್ದಳು. ಅವಳು ಒಳಗೆ ಕೇಳುತ್ತಿದ್ದಷ್ಟು ಹೊತ್ತು, ಸ್ಕೂಟರಿನಲ್ಲಿ ಕರೆತಂದ ಗಂಡ ಹೊರಗೆ ಅಜ್ಜಿಯ ಪಕ್ಕ ಕೂತಿರುತ್ತಿದ್ದ.

ಮಧ್ಯಾಹ್ನ ಶಾಲು ಹಿಡಿದು ಬಸ್ಸಿನಲ್ಲಿ ಭಟ್ಟಿಗೆ ಹೋದಳು.

"ಒಬ್ಳೇ ಬಂದ್ಯೇನವ್ವ? ನಿನ್ನ ಸಾರಥಿ ಎಲ್ಲಿ, ಮುನಿಸ್ಕೊಂಡ್ನಾ?" ಅಜ್ಜಿ ನಕ್ಕಳು.

"ತೀರ್ಕೊಂಡ್ರು ಅಜ್ಜಿ. ಕಿಡ್ನಿ ಎರಡೂ ಹೋಗಿದ್ವಂತೆ. ಆಸ್ಪತ್ರೆಗೆ ಸೇರಿಸೋವರೆಗೂ ಯಾರಿಗೂ ಗೊತ್ತಿರ್ಲಿಲ್ಲ."

ಅಜ್ಜಿಯ ನಗು ಆರಿತು. "ಗೊತ್ತಿರ್ಲಿಲ್ಲ ಅಂದ್ರೆ? ಯುಗಾದಿಗೂ ಮುಂಚೇನೇ ನಂಗೆ ಹೇಳಿದ್ನಲ್ಲೇ! ಭಟ್ಟಿ ಮುಂದೆ ಕೂತ್ರೂ ಗಡಗಡ ನಡುಗೋನು."

ಸುಚೇತಾ ಶಾಲನ್ನು ಅಜ್ಜಿಯ ತೊಡೆಯ ಮೇಲಿಟ್ಟಳು.

"ನಂಗ್ಯಾಕೆ ಹೇಳ್ಲಿಲ್ಲ?"

ಕೇಳಿ, ರೂಢಿಯಂತೆ ಎಣಿಸತೊಡಗಿದಳು. ಒಂದು, ಎರಡು, ಮೂರು. ಅಜ್ಜಿ ಶಾಲಿನ ಅಂಚು ನೇವರಿಸುತ್ತ ಕೂತಿದ್ದಳು. ಏಳಕ್ಕೆ ಬಾಯಿಬಿಟ್ಟಳು.

"ಹೇಳೋ ಹೇಳೋ ಅಂತ ಬಂದಾಗೆಲ್ಲ ಬೈತಿದ್ದೆ ಕಣವ್ವ. 'ಅವ್ಳು ಒಂದು ಸಲ ಕೇಳ್ಲಿ ಅಜ್ಜಿ, ಹೇಳ್ತೀನಿ' ಅಂತಿದ್ದ."