ಮೈ ಕೊಡವಿ ಏಳುವ ಮೊಲ

ದರ್ಶಿನಿಯಲ್ಲಿ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂದರೆ ಈಗಲೂ ನನಗೆ ಒಂದು ಕಾರ್ಟೂನ್ ಮೊಲ ನೆನಪಾಗುತ್ತದೆ.

ಬಸವೇಶ್ವರನಗರದಲ್ಲಿ ನಾವು ಹಿಂದಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದೆವು. ಟಿವಿ ಇದ್ದದ್ದು ಮುಂದಿನ ಮನೆಯ ಓನರ್ ಆಂಟಿಯ ಹಾಲ್‌ನಲ್ಲಿ. ದಿನಕ್ಕೆ ಒಂದೇ ಕಾರ್ಟೂನ್. ಮುಗಿದ ಕೂಡಲೇ ಅವರು ಟಿವಿ ಆರಿಸಿ, ಮೇಲೆ ಕಸೂತಿಯ ಬಟ್ಟೆ ಹೊದಿಸುತ್ತಿದ್ದರು.

ಆ ಮಧ್ಯಾಹ್ನ ಆರಿಸಲಿಲ್ಲ. ನಮ್ಮ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲವಾದ್ದರಿಂದ ಅವರೇ ಉಪ್ಪಿಟ್ಟು ಮಾಡಿ ಕೈಗಿಟ್ಟರು. “ಇನ್ನೊಂದು ನೋಡು ಪುಟ್ಟಿ, ಹೊರಗೆ ಬರ್ಬೇಡ,” ಎಂದರು. ಮೊಲದ ಮೇಲೆ ಬಂಡೆ ಬಿತ್ತು. ಅದು ದೋಸೆಯಂತೆ ಚಪ್ಪಟೆಯಾಗಿ, ಮೈ ಕೊಡವಿ ಎದ್ದಿತು. ನಾನು ಎಂದಿನಂತೆ ನಕ್ಕೆ.

ಕಿಟಕಿಯಾಚೆ, ಗೇಟಿನ ಬಳಿ, ಹಾರ ಹಾಕಿ ಅಪ್ಪನನ್ನು ಮಲಗಿಸಿದ್ದರು.

“ಅಪ್ಪ ಯಾವಾಗ ಏಳ್ತಾರೆ ಆಂಟಿ?”

ಅವರು ಟಿವಿಯ ವಾಲ್ಯೂಮ್ ಜಾಸ್ತಿ ಮಾಡಿದರು.

ಸಂಜೆ ಗಂಡಸರು ಅಪ್ಪನನ್ನು ಹೊತ್ತುಕೊಂಡು ಹೋದರು. ಅಮ್ಮ ಮಾತ್ರ ಉದುರಿದ ಹೂಗಳ ಪಕ್ಕದಲ್ಲೇ ಕೂತಿದ್ದಳು. “ಏಳೇ, ಮಗು ನೋಡ್ತಾ ಇದೆ,” ಎಂದಳು ಅಜ್ಜಿ. ಬಹಳ ಹೊತ್ತಿನ ಮೇಲೆ ಅಮ್ಮ ನೆಲಕ್ಕೆ ಕೈಯೂರಿ, ಸೀರೆಯ ಧೂಳು ಕೊಡವಿಕೊಂಡು ಎದ್ದಳು.

ನನಗೆ ನಗು ಬರಲಿಲ್ಲ.