ಆರನೇ ಮೀಟರು

ವೇಗದ ಮೀಟರಿನ ಮುಖ ನೋಡಿ ಭೀಮರಾಜ್ ಮೊದಲು ನಕ್ಕುಬಿಟ್ಟ. ಹಸಿರು ಪಟ್ಟಿ ಇರಬೇಕಾದ ಕಡೆ ಮಗ ಕೆಂಪು ಬಳಿದಿದ್ದ. ಇದನ್ನು ದಾಟಿದರೆ ವಿಮಾನವೇ ಉಳಿಯದು ಎಂದು ಎಚ್ಚರಿಸುವ ಕೊನೆಯ ಕೆಂಪು ಗೆರೆಯ ಜಾಗದಲ್ಲಿ ಹಸಿರು ಗೆರೆ ಎಳೆದಿದ್ದ. ಕೆಲಸ ಮಾತ್ರ ಬಲು ಅಚ್ಚುಕಟ್ಟು. ಕೂದಲೆಳೆಯಷ್ಟೂ ಬಣ್ಣ ಆಚೀಚೆ ಹೋಗಿರಲಿಲ್ಲ.

ಅದು ಆರನೆಯ ಮೀಟರು, ಕೊನೆಯದು. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ಭೀಮರಾಜ್, ಪೈಲಟ್ ಆಗಿಯೇ ತೀರುತ್ತೇನೆಂದು ಹಠ ಹಿಡಿದ ಮಗ ಅಂಬರೀಶನಿಗಾಗಿ ಮನೆ ಹಿಂದಿನ ಖಾಲಿ ಹುಳುಮನೆಯಲ್ಲಿ ವಿಮಾನದ ಚಾಲಕರ ಕೋಣೆಯನ್ನೇ ಕಟ್ಟಿಕೊಟ್ಟಿದ್ದ. ಒಂದು ಕಾಲಕ್ಕೆ ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದ ಜಾಗದಲ್ಲಿ ಈಗ ಕುರ್ಚಿ, ಪರದೆ, ಪ್ಲೈವುಡ್ಡಿನ ಹಲಗೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿದರೆ ಹಲಗೆಯ ಮೇಲಿನ ಮೀಟರುಗಳ ಮುಳ್ಳು ನಿಜವಾಗಿ ಏರಿ ಇಳಿಯಬೇಕು. ಗುಜರಿ ಕಾರುಗಳಿಂದ ಬಿಚ್ಚಿ ತಂದ ಪುಟ್ಟ ಮೋಟಾರು, ಪಿವಿಸಿ ಪೈಪಿನ ತುಂಡು, ಹಳೆ ಗಡಿಯಾರದ ಗಾಜು, ಇಷ್ಟರಲ್ಲೇ ಐದು ಮೀಟರು ಎದ್ದು ನಿಂತಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಪಕ್ಕದ ಅಂಗಡಿಯವರು ಛೇಡಿಸಿದರೂ ಅವನಿಗೆ ಬೇಸರವಾಗುತ್ತಿರಲಿಲ್ಲ. ಮಗ ತರಬೇತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸು ಮಾಡಿದ್ದ. ಮಂಗಳವಾರ ಬೆಂಗಳೂರಿನಲ್ಲಿ ವೈದ್ಯಕೀಯ ಪರೀಕ್ಷೆ, ಅದೊಂದು ಮುಗಿದರೆ ಆಯಿತು.

ಜೆರಾಕ್ಸ್ ಅಂಗಡಿಯವನು ಮೀಟರಿನ ಮುಖವನ್ನು ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿ, ಲ್ಯಾಮಿನೇಟ್ ಮಾಡಿ ಕೊಟ್ಟಿದ್ದರಿಂದ ಬಣ್ಣವನ್ನು ಕೈಯಲ್ಲೇ ತುಂಬಬೇಕಿತ್ತು. ಕಿಟಕಿಗೆ ಬಳಿದು ಉಳಿದ ಹಸಿರು, ಗೇಟಿಗೆ ಬಳಿದು ಉಳಿದ ಇಟ್ಟಿಗೆಗೆಂಪು, ಎರಡೂ ಚೀಟಿ ಕಿತ್ತುಹೋದ ಡಬ್ಬಿಗಳು. ಆತುರದಲ್ಲಿ ಡಬ್ಬಿ ಅದಲುಬದಲಾಗಿರಬೇಕು ಎಂದುಕೊಂಡು ಭೀಮರಾಜ್ ಮಗನನ್ನು ಕರೆದು, ಈ ಪಟ್ಟಿ ಯಾವ ಬಣ್ಣವೋ ಎಂದು ಕೇಳಿದ. ಗೆಳೆಯನ ಬೈಕಿನಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದ ಅಂಬರೀಶ್ ಬಾಗಿಲಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದ. ಸರಿಯಾಗಿ ನೋಡಿದನೋ ಇಲ್ಲವೋ.

"ಹಸಿರು ಕಣಪ್ಪ. ಮುಳ್ಳು ಇದರೊಳಗೆ ಇರೋವರ್ಗೂ ಏನೂ ಭಯ ಇಲ್ಲ," ಎಂದು ಹೊರಟುಹೋದ.

ಕಾಫಿ ತಂದ ಹೆಂಡತಿ ಮಮತಳಿಗೆ ಭೀಮರಾಜ್ ಮಗನ ಅವಾಂತರವನ್ನು ತಮಾಷೆಯಾಗಿಯೇ ತೋರಿಸಿದ. ಅವಳು ನಗಲಿಲ್ಲ. ಲೋಟ ಕೆಳಗಿಟ್ಟು ಅಲ್ಲೇ ಕೂತಳು. ಆಮೇಲೆ ಒಂದೊಂದಾಗಿ ಹೇಳಿದಳು. ಜಡಿಗೇನಹಳ್ಳಿಯ ಅವಳ ತವರಿನಲ್ಲಿ ಅಣ್ಣ ಮುನಿಸ್ವಾಮಿಯನ್ನು ಟೊಮೆಟೊ ಕೊಯ್ಯಲು ಬಿಡುತ್ತಿರಲಿಲ್ಲ. ಬಿಟ್ಟರೆ ಹಣ್ಣು ಗಿಡದಲ್ಲೇ ಇರುತ್ತಿತ್ತು, ಕ್ರೇಟು ತುಂಬ ಕಾಯಿ. ಮುನಿಸ್ವಾಮಿ ಕೊಯ್ದದ್ದು ಚಟ್ನಿಗೇ ಸರಿ ಎಂದು ಊರೆಲ್ಲ ನಗುತ್ತಿತ್ತು. ಅದನ್ನೊಂದು ಕಾಯಿಲೆ ಎಂದು ಯಾರೂ ಎಣಿಸಲಿಲ್ಲ, ಕ್ರೇಟು ಹೊರುವ ಕೆಲಸ ಕೊಟ್ಟು ಸುಮ್ಮನಾದರು. ರಜಕ್ಕೆ ಅಜ್ಜಿ ಮನೆಗೆ ಹೋದ ಅಂಬರೀಶನೂ ಅದೇ ಮಾಡುತ್ತಿದ್ದ. ಯಾರಾದರೂ ಆಡಿಕೊಂಡಾರು ಎಂದು ಅವಳು ಅವನ ಹಿಂದೆಯೇ ನಡೆದು, ಅವನ ಬುಟ್ಟಿಯ ಕಾಯಿ ತೆಗೆದು ಹಣ್ಣು ತುಂಬುತ್ತಿದ್ದಳು.

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಭೀಮರಾಜನ ದನಿ ಗಡುಸಾಯಿತು.

"ಟಮೋಟ ಕೊಯ್ಯಕ್ಕೆ ತಾನೆ ಬರಲ್ಲ, ಬರದಿದ್ರೆ ಬಿಡು ಅಂದ್ಕೊಂಡೆ. ವಿಮಾನ ಓಡ್ಸೋಕೂ ಅದು ಬೇಕಾಯ್ತದೆ ಅಂತ ನಂಗೇನ್ರೀ ಗೊತ್ತು?"

ಬೈಯಬೇಕೆನಿಸಿತು. ಆದರೆ ಯಾರನ್ನು? ವೈದ್ಯಕೀಯ ಪರೀಕ್ಷೆಯ ಪಟ್ಟಿಯನ್ನು ಅವನೇ ಮಗನ ಜೊತೆ ಕೂತು ಓದಿದ್ದ. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿಯನ್ನು ಗುರುತಿಸಬೇಕು ಎಂಬ ಸಾಲು ಬಂದಾಗ, ಇದೇನು ಅಂಗನವಾಡಿ ಮಕ್ಕಳ ಆಟ ಎಂದು ಅಪ್ಪ ಮಗ ಇಬ್ಬರೂ ನಕ್ಕಿದ್ದರು. ದೇವನಹಳ್ಳಿ ಕಡೆಗೆ ಇಳಿಯುತ್ತಿದ್ದ ವಿಮಾನವೊಂದರ ಸದ್ದಿಗೆ ಹುಳುಮನೆಯ ತಗಡು ಅದುರಿತು. ದಿನಕ್ಕೆ ನೂರು ಸಲ ಕೇಳುವ ಸದ್ದು, ಅವತ್ತು ಕೇಳಲಾಗಲಿಲ್ಲ.

ಆದರೂ ಆಸೆ ಬಿಡಲಿಲ್ಲ. ಬಾಗಿಲಲ್ಲಿ ಅವನು ಸರಿಯಾಗಿ ನೋಡಿರಲಿಕ್ಕಿಲ್ಲ, ತಪ್ಪು ಡಬ್ಬಿಯದೇ ಇರಬಹುದು. ಭೀಮರಾಜ್ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಎರಡೂ ಬಣ್ಣ ಒರೆಸಿ ತೆಗೆದ. ಪಟ್ಟಿಗೆ ಹಸಿರು ಬಳಿದ, ಕೊನೆಯ ಗೆರೆಗೆ ಕೆಂಪು ಎಳೆದ. ಮಗನ ಕೈಯ ಅಚ್ಚುಕಟ್ಟು ಬರಲಿಲ್ಲ. ಮಗ ಬಂದು, ಬಣ್ಣ ಬದಲಾಯಿಸಿಬಿಟ್ಟೆಯಲ್ಲಪ್ಪ ಎಂದು ಒಂದು ಮಾತು ಅಂದರೆ ಸಾಕು, ಮಂಗಳವಾರ ನಿಶ್ಚಿಂತೆಯಾಗಿ ಬೆಂಗಳೂರಿಗೆ ಕರೆದುಕೊಂಡು ಹೋಗಬಹುದು. ಗಾಜು ಕೂರಿಸಿ, ಮೀಟರನ್ನು ಹಲಗೆಯ ಆರನೆಯ ತೂತಿಗೆ ಸಿಕ್ಕಿಸಿ, ಗಂಡ ಹೆಂಡತಿ ಕಾಯುತ್ತಾ ಕೂತರು.

ಸಂಜೆ ಅಂಬರೀಶ್ ಬಂದ. ಹಣೆಯಲ್ಲಿ ಘಾಟಿಯ ಕುಂಕುಮವಿತ್ತು. ಅಮ್ಮನ ಕೈಗೆ ಪ್ರಸಾದ ಕೊಟ್ಟವನೇ ಕುರ್ಚಿಯಲ್ಲಿ ಕೂತು ಸ್ವಿಚ್ಚು ಹಾಕಿದ. ಪರದೆಯ ಮೇಲೆ ರನ್‌ವೇ ಓಡತೊಡಗಿತು, ಆರನೆಯ ಮೀಟರಿನ ಮುಳ್ಳು ಮೊದಲ ಸಲ ಮೇಲೆದ್ದಿತು. ಅವನು ಮುಂದಕ್ಕೆ ಬಾಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ಅದನ್ನೇ ನೋಡಿದ. ಹುಬ್ಬು ಗಂಟಿಕ್ಕಿದ. ಮಮತ ಪ್ರಸಾದದ ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸಿದಳು.

"ಅದೇ ಬಣ್ಣ ಮತ್ತೆ ಯಾಕಪ್ಪ ಬಳಿದೆ?" ಎಂದ ಅಂಬರೀಶ್. "ನಾನು ಬಳಿದಿದ್ದೇ ಚೆನ್ನಾಗಿತ್ತು. ಈಗ ನೋಡು, ಗೆರೆ ಸೊಟ್ಟ ಆಗೈತೆ."