ಕೆಳಗಿಡದ ಜೋಳಿಗೆ

ಇನ್ಸ್‌ಪೆಕ್ಟರ್ ಶಿವರಾಜು ಠಾಣೆಯಲ್ಲಿ ಲಾಠಿ ಎತ್ತಿದ್ದರು. ಎದುರಿಗೆ ನಿಂತ ಮರಿಸಿದ್ದಯ್ಯ ಏಟು ತಪ್ಪಿಸಿಕೊಳ್ಳಲು ನೋಡದೆ, ಹೆಗಲ ಜೋಳಿಗೆಯನ್ನು ಮೆಲ್ಲಗೆ ಇಳಿಸತೊಡಗಿದ.

ಬೆಸಗರಹಳ್ಳಿಯ ಅಂಕಮ್ಮನ ಚಿನ್ನದ ಸರ ಕಾಣೆಯಾಗಿತ್ತು. ಬೆಳಿಗ್ಗೆ ಆಕೆಯ ಬಾಗಿಲಿಗೆ ಬಂದವನು ಸಿದ್ದಪ್ಪಾಜಿಯ ಹೆಸರಲ್ಲಿ ಭಿಕ್ಷೆ ಬೇಡುವ, ಮಳವಳ್ಳಿ ಕಡೆಯ ಈ ಮುದುಕನೊಬ್ಬನೇ. ಪೇದೆ ಸಂತೋಷ್ ಅವನ ಸೊಂಟ, ಪಂಚೆ ಎಲ್ಲ ತಡಕಿದ್ದ. ಜೋಳಿಗೆಗೆ ಕೈ ಹಾಕಲು ಮಾತ್ರ ದೇವರ ಭಯ. ಏನು ಕೇಳಿದರೂ ಮುದುಕ, ಹೊಸ್ತಿಲು ದಾಟಿಲ್ಲ ಎಂದಷ್ಟೇ ಹೇಳುತ್ತಿದ್ದ. ಹೋದ ವರ್ಷ ಹೀಗೇ ಒಂದೇ ಮಾತಿಗೆ ಅಂಟಿಕೊಂಡಿದ್ದ ಗಾರೆ ಕೆಲಸದವನೊಬ್ಬ ಶಿವರಾಜು ಅವರ ಏಟಿಗೆ ಕಿವುಡಾಗಿದ್ದ. ಕಳ್ಳ ಬೇರೆಯವನೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಅವರಿಗೆ ನಿದ್ದೆ ನೆಟ್ಟಗಿಲ್ಲ. ಆದರೂ ಸಿಟ್ಟು ಬಂದರೆ ಕೈ ಅವರ ಮಾತು ಕೇಳುತ್ತಿರಲಿಲ್ಲ.

“ಒಡೀರಿ ಸ್ವಾಮಿ, ಬ್ಯಾಡ ಅನ್ನಾಕಿಲ್ಲ,” ಅಂದ ಮರಿಸಿದ್ದಯ್ಯ. “ಈ ಜೋಳ್ಗೆ ಮ್ಯಾಲೆ ಏಟು ಬೀಳಬಾರ್ದು. ಎಲ್ಲೂ ಕೆಳಕ್ಕೆ ಮಡಗಂಗೂ ಇಲ್ಲ. ಒಸಿ ಇಡ್ಕಳಿ.”

ಸಂತೋಷ್ ಹಿಂದೆ ಸರಿದ. ಶಿವರಾಜು ಗೊಣಗುತ್ತಲೇ ಲಾಠಿಯನ್ನು ಮೇಜಿನ ಮೇಲೆಸೆದು ಎರಡೂ ಕೈಯೊಡ್ಡಿದರು. ಹಳೇ ಬಟ್ಟೆ, ಭಾರಕ್ಕೆ ಒಂದು ಮೂಲೆ ಹರಿಯಿತು. ಸುರಿದ ರಾಗಿಯ ಜೊತೆ ಸರವೂ ಜಾರಿ ಮೇಜಿಗೆ ಬಿತ್ತು.

“ಸಿಕ್ಬುಟ್ಟ ನೋಡಿ ಸಾ,” ಅಂದ ಸಂತೋಷ್.

ಶಿವರಾಜು ಅವರ ಕಣ್ಣು ಲಾಠಿಯತ್ತ ಹೊರಳಿತು. ಕೈ ತುಂಬ ಜೋಳಿಗೆಯಿತ್ತು. ಅಷ್ಟರಲ್ಲಿ, ದೂರು ಕೊಟ್ಟು ಬಾಗಿಲ ಬಳಿ ನಿಂತಿದ್ದ ಅಂಕಮ್ಮ ಕುಸಿದು ಕೂತಳು.

“ನನ್ ಬುದ್ಧಿಗಿಷ್ಟು... ಮಗಳ ಮನೇಗೋಗುವಾಗ ಕಳ್ರ ಭಯಕ್ಕೆ ನಾನೇ ರಾಗಿ ಮಡಕೇಲಿ ಊತಿಟ್ಟಿದ್ದೆ ಕಣಪ್ಪ. ಮರ್ತೇ ಓಯ್ತು. ಬೆಳಿಗ್ಗೆ ಅದೇ ಮಡಕೆ ರಾಗೀನೇ ಮೊರದ ತುಂಬ ತಂದು ಇವ್ರ ಜೋಳ್ಗೆಗೆ ಸುರುದ್ನಲ್ಲ.”

ಕೊಟ್ಟದ್ದನ್ನು ಕಣ್ಣಿಟ್ಟು ನೋಡುವ ಪದ್ಧತಿ ತಮ್ಮಲ್ಲಿಲ್ಲ, ಸಂಜೆ ಸಿದ್ದಪ್ಪಾಜಿಯ ಗದ್ದುಗೆಯ ಮುಂದೆಯೇ ಜೋಳಿಗೆ ಬಿಚ್ಚುವುದು ಎಂದು ಮುದುಕ ಹೇಳಿದ. ಶಿವರಾಜು ಅವರಿಗೆ ಅದು ಅರ್ಧ ಕೇಳಿಸಿತು. ಒಂದು ಗಳಿಗೆ ಮುಂಚೆ ಬೀಸಿದ್ದರೆ ಎಂಬುದೇ ಎದೆಯಲ್ಲಿ ಬಡಿಯುತ್ತಿತ್ತು. ಹರಿದ ಮೂಲೆಗೆ ಗಂಟು ಹಾಕಿ, ಕಾಳೊಂದೂ ಬಿಡದೆ ರಾಗಿ ಬಳಿದು ತುಂಬಿ, ಜೋಳಿಗೆಯನ್ನು ತಾವೇ ಮುದುಕನ ಹೆಗಲಿಗೇರಿಸಿದರು.

“ನನ್ ಕೈ ಉಳಿಸ್ಬುಟ್ರಿ ಅಯ್ಯಾ,” ಅಂದರು.

ಮರಿಸಿದ್ದಯ್ಯ ಸೊಂಟದ ಸಂಚಿಯಿಂದ ಸಿದ್ದಪ್ಪಾಜಿಯ ಕಪ್ಪು ಬೂದಿ ತೆಗೆದ. ಎಲ್ಲರಿಗೂ ಹಣೆಗಿಡುವುದನ್ನು ಇನ್ಸ್‌ಪೆಕ್ಟರರ ಬಲ ಅಂಗೈಗೆ ಬಳಿದು, ಮುಂದಿನೂರಿನ ಬಸ್ಸಿಗೆ ಹೊರಟುಹೋದ.

ಆ ಮಧ್ಯಾಹ್ನ ಶಿವರಾಜು ಎಡಗೈಯಲ್ಲಿ ಉಂಡರು.